ಕಡ್ಲೇಕಾಯಿ ಕಬಡ್ಡಿ

ಇನ್ನೊಂದು ಮಟ್ಟೆ ಹಾಕ್ರಪ್ಪ ಬೆಂಕಿಗೆ, ಹೇಳ್ತೀನಿ.

2019ರ ಜನವರಿ 5, ಶನಿವಾರ. ನಮ್ಮ ಹರಿಯಬ್ಬೆಯಲ್ಲಿ ಹೊತ್ತು ಮುಳುಗಿದ್ದೇ ತಡ ಚಳಿ ಇಳಿದಿತ್ತು. ಅತ್ತ ಮುಂಬೈಯಲ್ಲಿ ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲ್. ಬೆಂಗಳೂರು ಬುಲ್ಸ್‌ಗೆ ಎದುರಾಳಿ ಗುಜರಾತ್ ಫಾರ್ಚೂನ್ ಜೈಂಟ್ಸ್. ಟೀವಿಯನ್ನು ಜಗಲಿಗೆ ತಂದಿಟ್ಟು, ಅಂಗಳದಲ್ಲಿ ಬೆಂಕಿ ಹಾಕಿ, ಹುರಿದ ಕಡ್ಲೇಕಾಯಿ ಮೊರದ ಸುತ್ತ ಹತ್ತು ಹನ್ನೆರಡು ಜನ ಕೂತಿದ್ದೆವು.

ನಮ್ಮ ಸೋದರಮಾವ ಹರೆಯದಲ್ಲಿ ಕಬಡ್ಡಿ ಆಡಿದವರು. ಮೊಣಕಾಲಿನ ಕಲೆಯೇ ಅವರ ಸರ್ಟಿಫಿಕೇಟು. "ಈ ಟೀಮಿಗೆ ಕೊನೇ ಮೆಟ್ಟಿಲು ಆಗಿಬರಲ್ಲ ಕಣೋ" ಅಂತ ಶುರುಮಾಡಿದರು. 2014ರಲ್ಲಿ ಲೀಗ್ ಆರಂಭವಾದಾಗ ಸೆಮಿಫೈನಲ್‌ನಲ್ಲಿ ಸೋಲು. 2015ರಲ್ಲಿ ಮಂಜೀತ್ ಚಿಲ್ಲರ್ ನಾಯಕತ್ವದಲ್ಲಿ ಫೈನಲ್‌ಗೆ ಹೋಗಿ ಯು ಮುಂಬಾ ಎದುರು 36–30ಕ್ಕೆ ಸೋಲು. ಆಮೇಲೆ ಸ್ವಂತ ಊರೂ ತಪ್ಪಿತು. ಕಂಠೀರವ ಒಳಾಂಗಣ ಬಿಟ್ಟು 2017ರಲ್ಲಿ ನಾಗಪುರ, ಆರನೇ ಆವೃತ್ತಿಗೆ ಪುಣೆ ಅವರ 'ತವರು' ಅಂಗಳವಾಯಿತು.

"ಮಾವ, ನಾಯಕ ರೋಹಿತ್ ಕುಮಾರ್, ರೈಡರ್ ಪವನ್ ಸೆಹ್ರಾವತ್, ಕೋಚ್ ರಣಧೀರ್ ಸಿಂಗ್ ಎಲ್ಲಾ ಉತ್ತರದೋರು. ಆಡೋದು ಪುಣೇಲಿ. ಇದು ನಮ್ಮ ಟೀಮು ಹೆಂಗಾಯ್ತದೆ?" ಅಂದೆ. ಮಾವ ಕಡ್ಲೇಕಾಯಿ ಸುಲಿಯುತ್ತಾ ಸುಮ್ಮನಿದ್ದರು.

ಮೊದಲರ್ಧ ಮುಗಿದಾಗ ಗುಜರಾತ್ 16, ನಮ್ಮವರು 9. ಎರಡನೇ ಅರ್ಧ ಶುರುವಾಯಿತು ಅನ್ನೋವಾಗ ಕರೆಂಟ್ ಹೋಯಿತು.

ಬೆಂಗಳೂರಲ್ಲಿದ್ದ ನನ್ನ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಮಾವ ಕಡ್ಡಿ ತಗೊಂಡು ಬೆಂಕಿ ಬೆಳಕಲ್ಲೇ ಮಣ್ಣಿನ ಮೇಲೆ ಅಂಕಣ ಗೀರಿದರು. ಈ ಕಡೆ ಏಳು ಹುಣಸೆ ಬೀಜ, ಅವು ಬುಲ್ಸ್. ಆ ಕಡೆ ಏಳು ಕಡ್ಲೇಕಾಯಿ. "ಗುಜರಾತಲ್ಲೂ ಇದೇ ಬೆಳೆ, ತಪ್ಪೇನಿಲ್ಲ" ಅಂದರು.

"ಪವನ್ ಒಬ್ಬನ್ನ ಮುಟ್ಟಿದ!" ಅಂತ ಫೋನು ಕೂಗಿತು. ಮಾವ ಒಂದು ಕಾಯಿ ಎತ್ತಿ ಸುಲಿದು ಬಾಯಿಗೆ ಹಾಕಿಕೊಂಡರು. ಮೊದಲೇ ಔಟಾಗಿ ಹೊರಗಿದ್ದ ಒಂದು ಹುಣಸೆ ಬೀಜ ಒಳಕ್ಕೆ ಬಂತು. ಗುಜರಾತ್‌ನವರು ನಮ್ಮವನೊಬ್ಬನನ್ನು ಔಟ್ ಮಾಡಿದಾಗ ಮಾತ್ರ ತೊಡಕಾಯಿತು. ಅವರ ಕಡೆ ಒಬ್ಬ ಜೀವ ಪಡೆದು ಒಳಬರಬೇಕು, ಆದರೆ ಆ ಜೀವ ಆಗಲೇ ಮಾವನ ಹೊಟ್ಟೆ ಸೇರಿತ್ತು. ಮೊರದಿಂದ ಹೊಸ ಕಾಯಿ ತಂದಿಟ್ಟೆವು. ಏಳೂ ಮಂದಿ ಆಲೌಟ್ ಆದಾಗ ಎರಡು ಪಾಯಿಂಟು ಹೆಚ್ಚಿಗೆ ಬಂತು, ಮೊರದಿಂದ ಏಳು ಕಾಯಿ ಒಟ್ಟಿಗೇ ಖರ್ಚಾಯಿತು.

ಆ ಪವನ್ ಹಿಂದೆ ಬುಲ್ಸ್‌ನಲ್ಲೇ ಇದ್ದವನು. ಐದನೇ ಆವೃತ್ತಿಗೆ ಇದೇ ಗುಜರಾತ್‌ಗೆ ಹೋಗಿದ್ದ, ಅಲ್ಲಿ ಹೆಚ್ಚು ಅವಕಾಶ ಸಿಗಲಿಲ್ಲ. ವಾಪಸ್ ಬಂದವನು ಆ ರಾತ್ರಿ ಒಬ್ಬನೇ 22 ಪಾಯಿಂಟ್ ತಂದ. 38–33. ಫೋನಿನೊಳಗೆ ತಮ್ಮ ಅರಚುತ್ತಿದ್ದ, ಹೊರಗೆ ನಾವು. ಬೀದಿನಾಯಿಗಳೂ ದನಿಗೂಡಿಸಿದವು.

ಗದ್ದಲ ಇಳಿದ ಮೇಲೆ ಮಾವ ಅಂಕಣದಿಂದ ಒಂದು ಹುಣಸೆ ಬೀಜ ಎತ್ತಿ ನನ್ನ ಕೈಗಿಟ್ಟರು. "ಇದು ಯಾವೂರ ಮರದ್ದೋ?"

"ಯಾರಿಗ್ಗೊತ್ತು ಮಾವ, ಸಂತೇಲಿ ತಂದ ಹಣ್ಣಿಂದು."

"ಮತ್ತೆ ಇಷ್ಟೊತ್ತು ಇದಕ್ಕೆ ಯಾಕ್ಲಾ ಅಷ್ಟೊಂದು ಕೂಗಿದ್ದು?"

ಆಮೇಲೆ ಲೆಕ್ಕ ಇನ್ನೊಂದು ಕಡೆಯಿಂದಲೂ ಸರಿಹೋಯಿತು ಅನ್ನಿ. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಾಲ್ ವಾರಿಯರ್ಸ್ ಗೆದ್ದಾಗ, 2024ರಲ್ಲಿ ಪುಣೇರಿ ಪಲ್ಟನ್ ಗೆದ್ದಾಗ, ಎರಡೂ ತಂಡಕ್ಕೆ ಕೋಚ್ ಆಗಿದ್ದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಅಲ್ಲಿನ ಜನವೂ ಯಾವೂರ ಬೀಜ ಅಂತ ಕೇಳದೆ ಕೂಗಿರಬೇಕು.

ಆ ರಾತ್ರಿ ಕರೆಂಟ್ ಬಂದಾಗ ಟೀವಿಯಲ್ಲಿ ಜಾಹೀರಾತು ಓಡುತ್ತಿತ್ತು. ಮೊರ ಬರಿದಾಗಿತ್ತು. ಬೆಳಿಗ್ಗೆ ಅಂಗಳ ಗುಡಿಸುತ್ತಾ ಅಮ್ಮ ಬೈದಳು: "ಬಿತ್ತನೆಗೆ ಅಂತ ಎತ್ತಿಟ್ಟಿದ್ದ ಕಾಯಿ ಕಣ್ರೋ ಅದು!"