ಹುಳಿ ಮಣ್ಣು ಬಯಸುವ ಗಿಡ

ಕೋಟಗಿರಿಯ ಮಗ್ಗುಲಲ್ಲಿರುವ ನಮ್ಮ ಮನೆಯಲ್ಲಿ ಗಿಡ ನೆಡುವ ಅಧಿಕಾರ ಇಂದಿಗೂ ತಾಯಿಯವರದೇ. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು. ಮೇಲೆ ಒಲೆಯ ಬೂದಿ ಒಂದು ಹಿಡಿ. ಈ ಕ್ರಮದಲ್ಲಿ ಅವರ ಕೈಗೆ ಒಲಿಯದ ಗಿಡವಿರಲಿಲ್ಲ. ಆದುದರಿಂದ 2022ರಲ್ಲಿ ಅವರು ತಮ್ಮ ಪಿಂಚಣಿಯ ಹಣದಿಂದ ಆರು ಬ್ಲೂಬೆರಿ ಸಸಿಗಳನ್ನು ತರಿಸಿ ಕುಂಡಗಳಲ್ಲಿ ನೆಟ್ಟಾಗ ನಾವು ಎದುರಾಡಲಿಲ್ಲ.

ಎರಡು ತಿಂಗಳೊಳಗೆ ಎಳೆಯೆಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರಾಗಿ ಉಳಿದವು. ಪೋಷಣೆ ಸಾಲದೆಂದು ತಾಯಿಯವರು ಮತ್ತೊಂದು ಹಿಡಿ ಬೂದಿ ಹಾಕಿದರು. ನಾಲ್ಕು ಸಸಿಗಳು ಒಣಗಿದವು. "ನನ್ನ ಕೈಗುಣವೇ ಹೋಯಿತು" ಎಂದು ಅವರು ಹಿತ್ತಲಿಗೆ ಇಳಿಯುವುದನ್ನೇ ಬಿಟ್ಟರು. ಗಿಡ ಹೋದುದಕ್ಕಿಂತ ಆ ಮಾತು ನಮ್ಮನ್ನು ಹೆಚ್ಚು ನೋಯಿಸಿತು.

ಓದಿ ನೋಡಿದಾಗ ಕಾರಣ ತಿಳಿಯಿತು. ಈ ಗಿಡಕ್ಕೆ ಬೇಕಾದುದು ಹುಳಿ ಮಣ್ಣು, ಪಿ.ಎಚ್. 4.5ರಿಂದ 5.5ರವರೆಗೆ. ಬೂದಿಯೋ ಕ್ಷಾರ. ಕ್ಷಾರ ಹೆಚ್ಚಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದು. ಬೇರುಗಳಾದರೂ ಕೂದಲೆಳೆಯಷ್ಟು ನವಿರು, ಬೇರುರೋಮಗಳಿಲ್ಲದವು. ಹುಳಿ ಮಣ್ಣಿನ ಈ ಸಂಗತಿಯನ್ನು ಅಮೆರಿಕದ ಫ್ರೆಡರಿಕ್ ಕೋವಿಲ್ 1910ರಷ್ಟು ಹಿಂದೆಯೇ ಪ್ರಯೋಗಗಳಿಂದ ತೋರಿಸಿ ಪ್ರಕಟಿಸಿದ್ದರು. ಅಷ್ಟು ದೂರವೇಕೆ? ನಮ್ಮ ನೀಲಗಿರಿಯ ಶೋಲಾ ಕಾಡುಗಳಲ್ಲಿ ಇದೇ ವ್ಯಾಕ್ಸಿನಿಯಂ ಕುಲದ ಚಿಕ್ಕ ಮರಗಳು ಎಲೆ ಕೊಳೆತ ಹುಳಿ ನೆಲದಲ್ಲಿ ಹಾಯಾಗಿ ನಿಂತಿವೆ. ದಿನವೂ ಕಂಡವರಿಗೆ ಹೊಳೆಯಲಿಲ್ಲ!

ಚಹದ ತೋಟದ ಮಣ್ಣು ಹುಳಿಯಲ್ಲವೇ ಎಂದು ವಾಚಕರು ಕೇಳಬಹುದು. ಹುಳಿಯೇ, ಆದರೆ ಕುಂಡದೊಳಗೆ ಆ ಜಿಗುಟು ಮಣ್ಣು ಗಟ್ಟಿಯಾಗಿ, ನೀರು ನಿಂತು, ಬೇರು ಕೊಳೆಯುತ್ತದೆ. ಪೀಟ್ ಮಾಸ್ ಎಂಬುದು ಹೊರದೇಶದ ಸರಕು, ಬೆಲೆ ನಮಗೆ ಎಟುಕದು. ಕಡೆಗೆ ಆರಿಸಿಕೊಂಡದ್ದು ಪೈನ್ ಮರದ ತೊಗಟೆಯ ಚೂರು ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ನೀರು ಬಸಿಯಲೆಂದು ಕೊಂಚ ಪರ್ಲೈಟ್. ಸಿಮೆಂಟು ತೊಟ್ಟಿಯ ನೀರು ಬಿಟ್ಟು ಪೀಪಾಯಿಯಲ್ಲಿ ಮಳೆನೀರು ಹಿಡಿದೆವು.

ತಪ್ಪು ಬೂದಿಯದೆಂದು ತಾಯಿಯವರಿಗೆ ಹೇಳುವುದು ಹೇಗೆ? ಹೇಳಲಿಲ್ಲ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ, ತೊಳೆದುಕೊಡಿ ಎಂದು ಮಾತ್ರ ಕೇಳಿಕೊಂಡೆವು. ಅವರು ನಾಲ್ಕು ಬಾರಿ ತೊಳೆದರು. ಪ್ರತಿ ಬಾರಿಯೂ ಹಿಂಡಿದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಕುಂಡ ತುಂಬುವಾಗ ಅವರೇ ಕೇಳಿದರು: "ಇದಕ್ಕೆ ಬೂದಿ ಬೇಡವೇ?"

"ಬೇಡಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅದು ಬೂದಿಯ ಕೆಲಸ. ಮೊದಲೇ ಹೇಳಬಾರದಿತ್ತೇ?" ಎಂದು ಗದರಿ, ಕುಂಡವನ್ನು ತಮ್ಮತ್ತ ಎಳೆದುಕೊಂಡರು.

ಉಳಿದೆರಡು ಗಿಡಗಳು ಚಿಗುರಿದವು. 2024ರಲ್ಲಿ ಒಂದರಲ್ಲಿ ಹದಿಮೂರು ಹಣ್ಣು, ಎಣಿಸಿದವರು ತಾಯಿಯವರೇ. ಒಲೆಯ ಬೂದಿ ಈಗ ಸೀಮೆಬದನೆಯ ಬುಡಕ್ಕೆ ಹೋಗುತ್ತಿದೆ.