ಬಿಸಿಲಿಗೆ ಬಂದ ಅಪವಾದ

ಏಪ್ರಿಲ್ ಕೊನೆಯ ಮಧ್ಯಾಹ್ನ ಕಲಬುರಗಿಯಿಂದ ಜೇವರ್ಗಿಯ ಕಡೆ ಹೊರಟರೆ ಬಾನೆಟ್ ಎತ್ತಿಕೊಂಡು ನಿಂತ ಕಾರು ಒಂದಾದರೂ ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲಿ ತಲೆಗೆ ಟವಲು ಸುತ್ತಿದ ಮಾಲೀಕ, ಅವನ ಸುತ್ತ ಎಲ್ಲಿಂದಲೋ ಉದ್ಭವಿಸಿದ ನಾಲ್ಕು ಮಂದಿ ತಜ್ಞರು. "ಬಿಸಲು ಭಾಳ ಐತ್ರಿ, ಗಾಡಿ ಕಾದೈತಿ" ಎಂಬ ತೀರ್ಪು ಹೊರಬೀಳಲು ಐದು ನಿಮಿಷವೂ ಬೇಡ. ಆರೋಪಿ ನೆತ್ತಿಯ ಮೇಲೇ ಇರುವಾಗ ಸಾಕ್ಷಿಯ ಗೊಡವೆ ಯಾರಿಗೆ? ಈ ಮೊಕದ್ದಮೆಯಲ್ಲಿ ಸೂರ್ಯನ ಪರ ವಕಾಲತ್ತು ವಹಿಸುವವರು ಯಾರೂ ಇಲ್ಲವಾದ್ದರಿಂದ ಆ ಕೆಲಸ ನಾನೇ ಮಾಡುತ್ತೇನೆ.

ಸಿಲಿಂಡರಿನೊಳಗೆ ಪೆಟ್ರೋಲ್ ಉರಿಯುವ ಗಳಿಗೆಯಲ್ಲಿ ಶಾಖ 2000 ಡಿಗ್ರಿ ದಾಟುತ್ತದೆ. ಅದರ ಮುಂದೆ ಹೊರಗಿನ 43 ಡಿಗ್ರಿ ಯಾವ ಲೆಕ್ಕ? ನಾವು ದುಡ್ಡು ಕೊಟ್ಟು ತುಂಬಿಸಿದ ಪೆಟ್ರೋಲಿನ ಶಕ್ತಿಯಲ್ಲಿ ಎಂಜಿನ್ನಿನ ದುಡಿಮೆಗೆ ದಕ್ಕುವುದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಇನ್ನೊಂದು ಪಾಲು ಹೊಗೆಯೊಂದಿಗೆ ಹೋಗುತ್ತದೆ. ಉಳಿದದ್ದನ್ನು ಗಾಳಿಗೆ ತೂರುವ ಹೊಣೆ ಬಹುಮಟ್ಟಿಗೆ ರೇಡಿಯೇಟರಿನದು. ಒಳಗಿನ ನೀರು 90 ಡಿಗ್ರಿ, ಹೊರಗಿನ ಗಾಳಿ 25 ಇದ್ದರೆ ಅಂತರ 65. ಗಾಳಿ 43ಕ್ಕೆ ಏರಿದರೆ ಅಂತರ 47ಕ್ಕೆ ಇಳಿದು, ರೇಡಿಯೇಟರಿನ ದುಡಿಮೆಯಲ್ಲಿ ಕಾಲುಭಾಗಕ್ಕೂ ಮಿಕ್ಕಿ ಖೋತಾ. ಆದರೆ ಕಾರು ಮಾಡಿದವರು ಈ ಖೋತಾವನ್ನು ಎಣಿಸಿಯೇ ಮಾಡಿರುತ್ತಾರೆ. ಅರ್ಧ ಕೊಳವೆ ಕಟ್ಟಿಕೊಂಡೂ ಡಿಸೆಂಬರಿನಲ್ಲಿ ಹೇಗೋ ದಿನ ದೂಡಿದ ರೇಡಿಯೇಟರ್ ಏಪ್ರಿಲ್‌ನಲ್ಲಿ ಸಿಕ್ಕಿಬೀಳುತ್ತದೆ, ಅಷ್ಟೆ.

ಕೊಳವೆ ಕಟ್ಟಿಸಿದವರು ಯಾರು? ನಾವು ಹುಯ್ದ ನೀರು. ಗೀಸರಿನ ಕಾಯಿಲಿಗೆ ಬಿಳಿ ಸುಣ್ಣ ಹತ್ತಿಸುವ ಅದೇ ಬೋರ್‌ವೆಲ್ ನೀರನ್ನು ರೇಡಿಯೇಟರಿಗೂ ಹುಯ್ಯುತ್ತೇವೆ. ಈ ಅಭ್ಯಾಸ ಕಾರಿನಷ್ಟೇ ಹಳೆಯದು. 1888ರಲ್ಲಿ ಬೆರ್ತಾ ಬೆಂಜ್, ಕಾರು ಕಂಡುಹಿಡಿದ ಗಂಡನಿಗೆ ಹೇಳದೆ, ಅವನದೇ ಗಾಡಿಯಲ್ಲಿ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ಹೊರಟಾಗ ಆ ಗಾಡಿಗೆ ಇಂದಿನಂಥ ರೇಡಿಯೇಟರೇ ಇರಲಿಲ್ಲ. ನೀರು ಕುದಿದು ಆವಿಯಾಗುತ್ತಿತ್ತು, ಆಕೆ ಸಿಕ್ಕಸಿಕ್ಕಲ್ಲಿ ತುಂಬಿಸುತ್ತಿದ್ದಳು. ನಮ್ಮ ಶಿರಾಡಿ ಘಾಟಿಯಲ್ಲಿ ಅಂಬಾಸಿಡರ್ ಚಾಲಕರು ಡಿಕ್ಕಿಯಿಂದ ಡಬ್ಬ ತೆಗೆದು ತೊರೆಗೆ ಇಳಿಯುತ್ತಿದ್ದುದೂ ಇದೇ ಪರಂಪರೆ. ಆಗಿನ ಹಿತ್ತಾಳೆ, ತಾಮ್ರದ ರೇಡಿಯೇಟರನ್ನು ಬಿಚ್ಚಿ, ಕೊಳವೆಗೆ ಕಡ್ಡಿ ಹಾಕಿ ಕೆರೆದು, ಬೆಸುಗೆ ಹಚ್ಚಿ ಕೊಡುವವರಿದ್ದರು. ಈಗಿನದು ತೆಳು ಅಲ್ಯೂಮಿನಿಯಂ, ತಲೆಗೂ ಬುಡಕ್ಕೂ ಪ್ಲಾಸ್ಟಿಕ್ ತೊಟ್ಟಿ. ಬಿರುಕು ಬಿಟ್ಟರೆ ಎಸೆಯುವುದೇ ಸೈ. ಆದ್ದರಿಂದಲೇ ಕೂಲೆಂಟಿಗೂ ಡಿಸ್ಟಿಲ್ಡ್ ವಾಟರಿಗೂ ಖರ್ಚು ಮಾಡಬೇಕಾದದ್ದು. "ಹಿಮ ಬೀಳದ ಊರಿಗೆ ಅದ್ಯಾಕೆ ಸಾರ್" ಎನ್ನುವವರು ಮರೆಯುವುದು, ಅದರಲ್ಲಿ ತುಕ್ಕು ತಡೆಯುವ ಮದ್ದೂ ಇದೆ, ಕುದಿಯುವ ಬಿಂದುವನ್ನು ಏರಿಸುವ ಗುಣವೂ ಇದೆ ಎಂಬುದನ್ನು.

ಇನ್ನು ಮುಚ್ಚಳ. ಬೆಂಗಳೂರಿನ ಎತ್ತರದಲ್ಲಿ ಬರಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆ ಚಿಕ್ಕ ಮುಚ್ಚಳ ಒತ್ತಡ ಹಿಡಿದಿಟ್ಟು ಅದನ್ನು 120ರ ಹತ್ತಿರದವರೆಗೆ ಸುಮ್ಮನಿರಿಸುತ್ತದೆ. ರಬ್ಬರು ಸವೆದರೆ ಆ ಕಾವಲು ಮುಗಿಯಿತು. ಗಾಡಿ ಕಾದಿರುವಾಗ ತಿರುಗಿಸಿದರಂತೂ ತಡೆದಿದ್ದ ನೀರು ಒಂದೇ ಉಸಿರಿಗೆ ಕುದಿದು ಹಬೆಯೊಂದಿಗೆ ಮುಖಕ್ಕೆ ಹೊಡೆಯುತ್ತದೆ. ನಾಲ್ಕು ಮಂದಿ ತಜ್ಞರಲ್ಲಿ ಒಬ್ಬನಾದರೂ ಮೊದಲು ಕೈ ಹಾಕುವುದು ಅದಕ್ಕೇ.

ಮತ್ತೊಬ್ಬ, ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟನ್ನು ಕಿತ್ತೆಸೆಯಲು ಹೇಳುತ್ತಾನೆ. ಎಷ್ಟೋ ಗ್ಯಾರೇಜುಗಳಲ್ಲಿ ಇದೇ ಮನೆಮದ್ದು. ಹಾಗೆ ಕಿತ್ತರೆ ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಕೆಲವು ಎಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಕಾಯಿಲೆ ಮಾತ್ರ ಇದ್ದಲ್ಲೇ ಇರುತ್ತದೆ.

ಶಾಖ ತೋರಿಸುವ ಮುಳ್ಳು ಮೇಲೇರುವಾಗ ಮಾಡಬೇಕಾದದ್ದು ಯಾರಿಗೂ ರುಚಿಸುವುದಿಲ್ಲ. ಏಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಬೇಕು. ಹೀಟರೆಂದರೆ ಒಳಗೆ ಕೂತಿರುವ ಮರಿ ರೇಡಿಯೇಟರ್. ಎಂಜಿನ್ನಿನ ಒಂದಿಷ್ಟು ಶಾಖವನ್ನು ಅದು ಪ್ರಯಾಣಿಕರ ಕಡೆಗೆ ದಾಟಿಸುತ್ತದೆ. 43 ಡಿಗ್ರಿಯಲ್ಲಿ ಹಿಂದಿನ ಸೀಟಿನ ದೊಡ್ಡಮ್ಮನಿಗೆ ಈ ಭೌತಶಾಸ್ತ್ರ ವಿವರಿಸುವುದು ಸುಲಭವಲ್ಲ. ಆಕೆ ಸಹಿಸದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ನೀರು ಸೇರಿ ಎಂಜಿನ್ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಬಹುದು. ಬಿಲ್ಲು ಬಂದಾಗ ಕಾಯುವುದು ಮಾಲೀಕನ ಸರದಿ.

ಈ ಜಂಜಾಟವೆಲ್ಲ ಬೇಡವೆಂದು ನನ್ನ ತಮ್ಮನ ಮಗ ಎಲೆಕ್ಟ್ರಿಕ್ ಕಾರು ಕೊಂಡ. ಬಾನೆಟ್ ಎತ್ತಿ ತೋರಿಸುವಾಗ ಅಲ್ಲೂ ಕೂಲೆಂಟ್ ಡಬ್ಬ ಕಂಡಿತು. ಅದರ ಬ್ಯಾಟರಿಯನ್ನೂ ದ್ರವ ಹರಿಸಿಯೇ ತಣ್ಣಗಿಡುತ್ತಾರೆ, ಶಾಖ ಹೊರಗೆ ಚೆಲ್ಲಲು ಮುಂದೆ ಮತ್ತದೇ ರೇಡಿಯೇಟರ್. ಅವನು ಮುಚ್ಚಳ ನೋಡಿದ, ನನ್ನನ್ನು ನೋಡಿದ.

"ದೊಡ್ಡಪ್ಪ, ಇದಕ್ಕೆ ನಲ್ಲಿ ನೀರು ಹಾಕಿದ್ರೆ ನಡಿಯುತ್ತಾ?"