ಎರಡು ಸೇರು ಅಕ್ಕಿ

ಅಕ್ಕನ ಮಗಳು ಹುಟ್ಟಿದಾಗ ತೂಕ ೧,೭೦೦ ಗ್ರಾಂ. "ಎರಡು ಸೇರು ಅಕ್ಕೀನ ಇದಕ್ಕಿಂತ ಹೆಚ್ಚು ತೂಗ್ತದ" ಅಂದಳು ಅಜ್ಜಿ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಏಳು ತಿಂಗಳೂ ಲೋಕಲ್ ಗಾಡಿಯಲ್ಲಿ ನಿಂತೇ ಆಫೀಸಿಗೆ ಹೋದವಳು. ಎಲ್ಲ ತನ್ನದೇ ತಪ್ಪೆಂದು ಅವಳ ಎಣಿಕೆ.

ನಾನು ಡಾಕ್ಟರನ್ನೇ ಕೇಳಿದೆ. ೨,೫೦೦ ಗ್ರಾಮಿಗಿಂತ ಕಡಿಮೆಯಿದ್ದರೆ 'ಕಡಿಮೆ ತೂಕ'ವೇ ನಿಜ. ಆದರೆ ದಿನ ತುಂಬಿಯೂ ಬೆಳೆಯದ ಕೂಸು ಬೇರೆ, ದಿನ ತುಂಬುವ ಮೊದಲೇ ಬಂದದ್ದು ಬೇರೆ. ನಮ್ಮದು ಬಂದದ್ದು ೩೨ನೆಯ ವಾರಕ್ಕೆ. ಆ ವಾರಕ್ಕೆ ಈ ತೂಕ ಸರಿಯೇ. ಯಾಕೆ ಅವಸರ ಮಾಡಿತೆಂದು ಎಷ್ಟೋ ಸಲ ಯಾರಿಗೂ ತಿಳಿಯುವುದಿಲ್ಲವಂತೆ. ಇದನ್ನು ಹೇಳಿದ ಮೇಲೆಯೇ ಅಕ್ಕ ಈ ಕಡೆ ತಿರುಗಿದ್ದು.

ಇಂಥ ಕೂಸಿನ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತದೆ. ೧೯೭೮ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರುಗಳು ಸಾಲದಾದಾಗ ಡಾ. ಎಡ್ಗರ್ ರೇ ಅವರು ಇಂಥ ಕೂಸುಗಳನ್ನು ತಾಯಂದಿರ ಬರಿಯೆದೆಗೆ ಒರಗಿಸಿ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಈಗ ಇನ್‌ಕ್ಯುಬೇಟರು ಇದ್ದಲ್ಲೂ ಅದನ್ನೇ ಮಾಡಿಸುತ್ತಾರೆ. ಅಕ್ಕ ದಣಿದಾಗ ಭಾವನೇ ಅಂಗಿಯ ಗುಂಡಿ ಬಿಚ್ಚಿ ಕೂತರು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು.

ನಾಲ್ಕನೆಯ ದಿನ ತೂಕ ೧,೬೦೦ಕ್ಕೆ ಇಳಿಯಿತು. ಮೊದಮೊದಲು ಇಳಿಯುವುದು ಸಹಜ ಅಂದರು ನರ್ಸಮ್ಮ. ಆದರೂ ಆ ರಾತ್ರಿ ನಮಗ್ಯಾರಿಗೂ ನಿದ್ದೆಯಿಲ್ಲ. ಮೂರು ವಾರ ಕಳೆದಾಗ ೧,೯೦೦.

ಫೋನಿನಲ್ಲಿ ತಿಳಿಸಿದೆ. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಎರಡು ಸೇರು ದಾಟಿತಲ್ಲೋ!" ಅಂದಳು.